ಅಟ್ಟದ ಮೇಲಿನ ಹೆಸರುಗಳು

ಹಲಗೂರಿನ ಮನೆಗೆ ಬಣ್ಣ ಹೊಡೆಸಲೇಬೇಕೆಂದು ಹಟ ಹಿಡಿದವಳು ಶಶಿರೇಖಾಳೇ. ಆದರೆ ಅಟ್ಟದಿಂದ ಇಳಿಸಿದ ಸ್ಟೀಲ್ ಪಾತ್ರೆಗಳು ನಡುಮನೆ ತುಂಬಿ, ಕಾಲಿಡಲೂ ಜಾಗವಿಲ್ಲದಂತಾದಾಗ ಅವಳ ತಲೆ ಕೆಟ್ಟುಹೋಯಿತು. ಎಲ್ಲವೂ ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿಗೆ ಬಂದವು. ಒಂದನ್ನೂ ಒಲೆಯ ಮೇಲಿಟ್ಟವರಿಲ್ಲ. ಒಂದೊಂದರ ಮೇಲೂ ಕೊಟ್ಟವರು ತಮ್ಮ ಹೆಸರು ಕೊರೆಸಿದ್ದರು.

ಗುಜರಿಯವನ ಆಟೋ ಬಾಗಿಲಲ್ಲೇ ನಿಂತಿತ್ತು. ಅವಳು ಮುಟ್ಟಿದ್ದಕ್ಕೆಲ್ಲ ಅತ್ತೆ ದೇವಿರಮ್ಮ ಅಡ್ಡ ಬರುತ್ತಿದ್ದರು.

"ಅದು ಬಂಡೂರೋರ್ದು, ಬುಡು. ಇದು ನಮ್ ಚೌಡಯ್ಯಂದು, ಮಡಗು."

"ಎಲ್ಲಾ ಮಡಗಿದ್ರೆ ನಾವೆಲ್ಲಿ ಮಲಗೋದು?" ಶಶಿರೇಖಾ ಕೈಲಿದ್ದ ಬೇಸಿನ್ನನ್ನು ದಡಾರನೆ ಕುಕ್ಕಿದಳು. "ಕಂಡೋರ ಹೆಸರು ಕಾಯೋಕೆ ನಮ್ಮನೆ ಏನು ಛತ್ರವಾ? ನಿಮ್ಮ ಹೆಸರಿರೋದು ಒಂದಾದ್ರೂ ತೋರ್ಸಿ, ಅದನ್ನ ಇಟ್ಕೊಳ್ಳೋಣ."

ದೇವಿರಮ್ಮ ಆ ಬೇಸಿನ್ನಿನ ಧೂಳನ್ನು ಸೆರಗಿನಿಂದ ಒರೆಸಿದರು.

"ನನ್ನೆಸ್ರಿರೋವೆಲ್ಲ ಅವ್ರವ್ರ ಅಟ್ಟದ ಮ್ಯಾಲವೆ ಕಣಮ್ಮ. ಅವ್ರೂ ಇಂಗೇ ಗುಜ್ರಿಗಾಕ್ಬುಟ್ರೆ?"

ಹೊರಗೆ ಗುಜರಿಯವನು ಹಾರ್ನ್ ಹೊಡೆದ. "ಏನೂ ಇಲ್ಲ ಹೋಗಯ್ಯಾ!" ಎಂದು ಅವನ ಮೇಲೆ ರೇಗಿ, ಶಶಿರೇಖಾ ಬೇಸಿನ್ನನ್ನು ಎತ್ತಿಕೊಂಡು ಮತ್ತೆ ಏಣಿ ಹತ್ತಿದಳು.