ಹನ್ನೆರಡು ಮೀಟರಿನ ನೀರು

"ಕಣ್ಣಿಗೆ ಪೊರೆ ಬಂದಿದ್ಯೇನೇ? ಹನ್ನೆರಡು ಮೀಟರಿಗೆ ನೀರಿದೆ ಅಂತ ಕಂಪ್ಯೂಟರೇ ಹೇಳ್ತಿದೆ. ಇಲ್ಲ ಅನ್ನೋಕೆ ನೀನ್ಯಾವಳೇ?"

ಅಂತರ್ಜಲ ಇಲಾಖೆಯ ಸಾಹೇಬ ಬಾವಿಕಟ್ಟೆಯ ಮೇಲೆ ಕಂಪ್ಯೂಟರ್ ತೆರೆದಿಟ್ಟುಕೊಂಡು ಕೂತಿದ್ದ. ಅವಳು ಉಕ್ಕಿನ ಟೇಪನ್ನು ಮೊಳ ಮೊಳವಾಗಿ ಮೇಲೆಳೆಯುತ್ತಿದ್ದಳು. ಟೇಪಿಗೆ ಸೀಮೆಸುಣ್ಣ ಸವರಿ ಬಾವಿಗಿಳಿಸುವುದು, ಸುಣ್ಣ ನೆನೆದ ಗುರುತು ನೋಡಿ ನೀರಿನ ಮಟ್ಟ ಹೇಳುವುದು. ಹನ್ನೊಂದು ವರ್ಷದಿಂದ ಅವನ ಕಚೇರಿಗೆ ಅವಳು ಮಾಡುತ್ತಿದ್ದ ಕೂಲಿ ಇದು. ಕೇರಿಯವರ ಬಾಯಲ್ಲಿ ಅವಳು ಟೇಪಕ್ಕ. ಇಪ್ಪತ್ತು ಮೀಟರಿನ ತಳ ಮುಟ್ಟಿ ಬಂದ ಟೇಪಿನ ಸುಣ್ಣ ತುದಿಯ ಗುಂಡಿನವರೆಗೂ ಬೆಳ್ಳಗೆ ಒಣಗಿಯೇ ಇತ್ತು.

ಕೇರಿಗೆ ಇದ್ದದ್ದು ಇದೊಂದೇ ಬಾವಿ. ಪಕ್ಕದಲ್ಲೇ ಧಣಿಯ ಕಾರ್ಖಾನೆ, ನೀರನ್ನು ಬಾಟಲಿಗೆ ತುಂಬಿ ಮಾರುವಂಥದ್ದು. ಇನ್ನೂ ನಾಲ್ಕು ಕೊಳವೆಬಾವಿಗೆ ಅರ್ಜಿ ಹಾಕಿದ್ದ. ಸಾಹೇಬನ ರುಜು ಬಿದ್ದರೆ ನಾಳೆಯೇ ಕೊರೆಯುವ ಯಂತ್ರ ಬಂದು ನಿಲ್ಲುತ್ತದೆ.

"ನೋಡಿಲ್ಲಿ, ಈ ಹಸಿರೆಲ್ಲ ಹುಲ್ಲುಗಾವಲು. ಮಳೆ ಬಿದ್ರೆ ಎಷ್ಟು ಇಂಗುತ್ತೆ ಅಂತ ಲೆಕ್ಕ ಹಾಕಿದೀವಿ. ನಿನ್ನ ತುಕ್ಕು ಟೇಪಿಗಿಂತ ಇದಕ್ಕೆ ಬುದ್ಧಿ ಜಾಸ್ತಿ."

ಅವಳು ಸಾಹೇಬ ತೋರಿಸಿದ ಪರದೆಯ ನಕ್ಷೆಯ ಹಸಿರು ನೋಡಿದಳು. ಆಮೇಲೆ ಕಾರ್ಖಾನೆಯ ತೆರೆದ ಗೇಟಿನಾಚೆ ನೋಡಿದಳು.

"ಯಾವ ಕಾಲದ ಹುಲ್ಲು ಸ್ವಾಮಿ? ಈಗದು ಲಾರಿ ನಿಲ್ಸೋ ಅಂಗಳ. ಕಾಂಕ್ರೀಟ್ ಹಾಕುವಾಗ ಜಲ್ಲಿ ಹೊತ್ತವಳು ನಾನೇ. ನಮ್ಮತ್ತೆ ಸೊಂಟ ಬಿದ್ದಿದ್ದೂ ಅಲ್ಲೇ. ಧಣಿ ಉಚ್ಚೆ ಹೊಯ್ದ್ರೂ ಅಲ್ಲಿ ಇಂಗಲ್ಲ, ಸೀದಾ ಮೋರಿಗೆ."

ಖಾಲಿ ಬಿಂದಿಗೆ ಹಿಡಿದು ನಿಂತ ಹೆಂಗಸರು ಕಿಸಕ್ಕೆಂದರು.

"ನನ್ನ ಕಕ್ಕಸು ತೊಳೀತಿದ್ದ ಹಲ್ಕಾ ಮುಂಡೆ, ಈಗ ನನಗೇ ಭೂಮಿ ಪಾಠ ಹೇಳ್ತಾಳೆ," ಎಂದ ಸಾಹೇಬನ ಪಕ್ಕ ನಿಂತಿದ್ದ ಧಣಿ. "ಬೇಗ ಮುಗಿಸಿ ಸಾಹೇಬ್ರೆ, ಬಿಸಿಲು ಏರ್ತಿದೆ."

ಸಾಹೇಬ ತನ್ನ ಬಾಟಲಿಯ ಮುಚ್ಚಳ ತಿರುಗಿಸಿ, ಟೇಪಿನ ಹನ್ನೆರಡರ ಗುರುತಿಗೆ ನೀರು ಸುರಿದ. ಸುಣ್ಣ ಕರಗಿ ಮಣ್ಣಿಗೆ ತೊಟ್ಟಿಕ್ಕಿತು. ಹೆಂಗಸರ ನಡುವೆ ಕೂತು ಅದನ್ನೇ ನೋಡುತ್ತಿದ್ದ ಅವಳ ಅತ್ತೆಯ ನಾಲಿಗೆ ತನ್ನಷ್ಟಕ್ಕೆ ತುಟಿ ಸವರಿತು.

"ಸರಿಯಾಗಿ ಹಿಡ್ಕೊ. ಫೋಟೋಗೆ ಗುರುತು ಕಾಣ್ಬೇಕು, ನಿನ್ನ ಮೂತಿ ಅಲ್ಲ."

ಹಿಡಿದಳು. ಫೋಟೋ ಆಯಿತು. ಧಣಿ ಚಾಚಿದ ಪೆನ್ನು ತೆಗೆದುಕೊಳ್ಳಲು ಸಾಹೇಬ ಅತ್ತ ತಿರುಗಿದ. ಆಗ ರಾಟೆ ಕಿರ್ರೆಂದಿತು. ಕಟ್ಟೆಯ ಮೇಲೆ ಕಂಪ್ಯೂಟರ್ ಇರಲಿಲ್ಲ. ಅದನ್ನು ಹೊತ್ತ ಬಕೆಟ್ಟು ಬಾವಿಯೊಳಗೆ ಇಳಿಯುತ್ತಿತ್ತು.

"ಏಯ್, ಎತ್ತೇ ಅದನ್ನ. ಎತ್ತು ಮೇಲೆ," ಎಂದು ಸಾಹೇಬ ಕೂಗಿದ.

ಧಣಿ ಮುನ್ನುಗ್ಗಿದ. ಹೆಂಗಸರು ಬಿಂದಿಗೆಗಳನ್ನು ಎದೆಗವಚಿಕೊಂಡು ಅಡ್ಡ ನಿಂತರು. ಅತ್ತೆಯೂ ಸೊಂಟ ಹಿಡಿದುಕೊಂಡೇ ಬಂದು ನಿಂತಳು. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿದವಳು ಟೇಪಕ್ಕನೇ. ಹನ್ನೆರಡನೆಯ ಗಂಟು ಅಂಗೈಗೆ ಬಂದಾಗ ಬಿಗಿಹಿಡಿದಳು.

"ನೀವು ಹೇಳಿದ್ದು ಇಷ್ಟೇ ಆಳ ತಾನೇ? ನೀರಿದ್ರೆ ಇಷ್ಟೊತ್ತಿಗೆ ಮುಳುಗಿರುತ್ತೆ, ಎತ್ತಿ ಏನು ಮಾಡ್ತೀರ. ನೀರಿಲ್ಲ ಅಂತ ಬರೆದು ರುಜು ಹಾಕಿ. ಒಣಗಿದ್ದು ಒಣಗಿದ ಹಾಗೇ ಮೇಲೆ ಬರುತ್ತೆ. ಇಲ್ದಿದ್ರೆ ತಳದ ಬಂಡೆಗೇ."

ಸಾಹೇಬ ಧಣಿಯ ಮುಖ ನೋಡಿದ. ಪೆನ್ನು ಕೈಯಲ್ಲೇ ಇತ್ತು.

ಅವಳು ಹಗ್ಗವನ್ನು ಅಂಗೈಯಲ್ಲಿ ಜಾರಬಿಟ್ಟಳು. ಹದಿಮೂರನೆಯ ಗಂಟು.