ಹತ್ತೂವರೆಯ ಪಾಳಿ

ಪಾಸ್ಟರ್ ಲೋಕೇಶ ಸ್ಕೂಟರಿನಿಂದ ಬಿದ್ದು ಎಡಗೈ ಮುರಿದುಕೊಂಡದ್ದು ದೊಡ್ಡ ಸಂಗತಿಯೇನಲ್ಲ. ನಮ್ಮ ಹೈವೇ ಅಗಲ ಮಾಡಲು ಹೊರಟಾಗಿನಿಂದ ಬೀಳದವರು ಯಾರಿದ್ದಾರೆ? ಆದರೆ ಹೊನ್ನಾವರದ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಎದ್ದ ಪ್ರಶ್ನೆಯೇ ಬೇರೆ: ಪಾಸ್ಟರ್ ಬಿದ್ದಾಗ ಪ್ರಾರ್ಥನೆಯ ಪಾಳಿ ಯಾರದಿತ್ತು?

ಪಾಳಿ ಎಂದರೆ ಸುಮ್ಮನೆ ಮಾತಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ ಸುಚಿತಾ ಟೀಚರ್ ಸ್ಕೇಲು ಹಿಡಿದು ಗೆರೆ ಎಳೆದ ಚಾರ್ಟು ಅದು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಅರ್ಧ ಗಂಟೆಗೊಬ್ಬರಂತೆ ಇಪ್ಪತ್ತನಾಲ್ಕು ಮಂದಿ ತಾವಿದ್ದಲ್ಲೇ ಪಾಸ್ಟರಿಗಾಗಿ ಮೊಣಕಾಲೂರಬೇಕು. ಏನು ಬೇಡಬೇಕೆಂದು ಪಾಸ್ಟರೇ ಸೋಮವಾರ ವಾಟ್ಸಾಪಿಗೆ ಹಾಕುತ್ತಿದ್ದ. ಹನ್ನೊಂದು ವರ್ಷದಲ್ಲಿ ಆ ಪಟ್ಟಿಯಲ್ಲಿ ಮೈಕ್‌ಸೆಟ್ಟು ಬಂದಿತ್ತು, ಮಾಡಿನ ತಗಡು ಬಂದಿತ್ತು, ಒಮ್ಮೆ ಪಾಸ್ಟರ ಕಟ್ಟಿದ ಗಂಟಲೂ ಬಂದಿತ್ತು. ಪಾಸ್ಟರ್ ಎಂಬ ಮನುಷ್ಯ ಮಾತ್ರ ಬಂದಿರಲಿಲ್ಲ. ಅವನಿಗೂ ಅದೇ ಹಿತವಾಗಿತ್ತು. ಕಾಯುವವನೇ ಕುಸಿದು ಕೂತಿದ್ದಾನೆಂದು ಗೊತ್ತಾದರೆ ಕುರಿಗಳು ನಿಲ್ಲುತ್ತವೆಯೇ?

ಆ ವಾರದ ಪಟ್ಟಿಯಲ್ಲಿ, ಬುಧವಾರ ಭಟ್ಕಳದಲ್ಲಿ ಮನೆಪ್ರಾರ್ಥನೆ, ಪ್ರಯಾಣ ಕ್ಷೇಮಕ್ಕಾಗಿ ಬೇಡಿರಿ ಎಂದಿತ್ತು. ಇಪ್ಪತ್ತನಾಲ್ಕು ಮಂದಿಯೂ ನಿಯತ್ತಾಗಿ ಮಂಕಿ, ಮುರ್ಡೇಶ್ವರ, ಕಾಯ್ಕಿಣಿ ಎಂದು ಊರೂರು ಹೆಸರಿಸಿ ದಕ್ಷಿಣದ ರಸ್ತೆಗೆ ಕಾವಲು ಕೇಳಿಕೊಂಡರು. ಪಾಸ್ಟರ್ ಹೋದದ್ದು ಉತ್ತರಕ್ಕೆ. ಧಾರೇಶ್ವರದ ಹತ್ತಿರ ಜಲ್ಲಿಯ ಮೇಲೆ ಜಾರಿಬಿದ್ದ. ಅವನು ಕುಮಟೆಯ ಒಬ್ಬ ಮನೋವೈದ್ಯರ ಬಳಿ ಹೊರಟಿದ್ದ, ಅದೂ ಎರಡನೇ ಸಲ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಸಭೆಯ ಮುಂದೆ ಪ್ರಸಂಗಕ್ಕೆ ನಿಂತರೆ ಎದೆ ಡವಡವ. ಹೈವೇಯಲ್ಲಿ ಬಿದ್ದೆ ಎಂದಷ್ಟೇ ಸಭೆಗೆ ಹೇಳಿದ. ಯಾವ ಕಡೆ ಎಂದು ಯಾರೂ ಕೇಳಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ವಿಚಾರಣೆ ಕೂತಿತು. ಬಿದ್ದ ಹೊತ್ತಿಗೆ, ಅಂದರೆ ಹತ್ತೂವರೆಯ ಪಾಳಿಗೆ, ಚಾರ್ಟಿನಲ್ಲಿದ್ದ ಹೆಸರು ಮಂಜಿಯದು. ಕಾಸರಕೋಡಿನಲ್ಲಿ ಮೀನು ಒಣಗಿಸುವ ಅರವತ್ತರ ಹೆಂಗಸು. ತಾನು ಪ್ರಾರ್ಥನೆ ಮಾಡುತ್ತಿದ್ದೆನೆಂದು ಅವಳು ಎಷ್ಟು ಹೇಳಿದರೂ ಟೀಚರ್ ಬಿಡಲಿಲ್ಲ. ಕಣ್ಣು ಪೂರ್ತಿ ಮುಚ್ಚಿತ್ತೋ, ಮೀನಿನ ಮೇಲೆ ಒಂದು ಕಣ್ಣಿತ್ತೋ, ಕಾಗೆ ಓಡಿಸಲು ಎದ್ದಳೋ ಎಂದೆಲ್ಲ ಕೆದಕಿದರು. ಎರಡು ಸಲ ಎದ್ದದ್ದು ಹೌದು ಎಂದು ಮಂಜಿ ಒಪ್ಪಿಕೊಂಡಳು. ಅಷ್ಟು ಸಾಕಾಯಿತು. ಸೈತಾನನೇ ಕಾಗೆಯಾಗಿ ಬಂದದ್ದೆಂದು ಒಬ್ಬ ಮಹರಾಯರು ವಿವರಿಸಿದರು. ಎರಡು ಕಾಗೆ, ಒಂದು ಕೈ. ಎಲ್ಲರೂ ಗಂಭೀರವಾಗಿ ತಲೆ ಆಡಿಸಿ, ಮಂಜಿಯ ಹೆಸರು ಹೊಡೆದುಹಾಕುವುದೆಂದು ತೀರ್ಮಾನಿಸಿದರು.

ಮಂಜಿ ಅಳಲಿಲ್ಲ. ದಿನದಲ್ಲಿ ತನಗೆ ಅಂತ ಇದ್ದದ್ದು ಆ ಅರ್ಧ ಗಂಟೆ ಒಂದೇ, ಅದನ್ನು ತೆಗೆಯಬೇಡಿ ಎಂದು ಕೇಳಿಕೊಂಡಳು. ಟೀಚರ್ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಪಾಸ್ಟರ್ ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು. ಎಂಥ ಹೇಡಿ ನೋಡಿ, ಒಂದು ನಿಮಿಷ ಮುಚ್ಚಿಕೊಂಡೇ ಇದ್ದ. ಹೇಳಿದರೆ ಹುಚ್ಚು ಹಿಡಿದ ಪಾಸ್ಟರ್ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಸಭೆ ಕೈತಪ್ಪುತ್ತದೆ. ಆದರೆ ತನಗಾಗಿ ಬೇಡಿದ ತಪ್ಪಿಗೆ ಆ ಹೆಂಗಸು ತಲೆ ತಗ್ಗಿಸಿ ನಿಂತದ್ದನ್ನು ನೋಡಲಾಗದೆ ಎದ್ದು ನಿಂತ.

"ಟೀಚರ್, ಅವ್ರ ಹೆಸ್ರು ಹೊಡಿಬೇಡಿ. ನಾನು ಭಟ್ಕಳಕ್ಕೆ ಹೋಗ್ಲೇ ಇಲ್ಲ. ಕುಮಟೆಗೆ ಹೋಗ್ತಿದ್ದೆ, ತಲೆ ಡಾಕ್ಟ್ರ ಹತ್ರ. ನಾಲ್ಕು ತಿಂಗ್ಳಿಂದ ನಂಗೆ ನಿದ್ದೆ ಇಲ್ಲ. ನಿಮ್ಗೆಲ್ಲ ಸುಳ್ಳು ಹೇಳ್ದೆ."

ಆಗ ಟೀಚರ ಮುಖ ನೋಡಬೇಕಿತ್ತು, ಅರಳಿಬಿಟ್ಟಿತು. ಹಾಗಾದರೆ ಚಾರ್ಟಿನದೇನೂ ತಪ್ಪಿಲ್ಲ, ಭಟ್ಕಳದ ರಸ್ತೆಯಲ್ಲಿ ಆ ದಿನ ಪಾಸ್ಟರ್ ಬಿದ್ದಿಲ್ಲವಲ್ಲ ಎಂದರು. ಕೂಡಲೇ ಹೊಸ ಹಾಳೆ ತೆಗೆದು ಗೆರೆ ಎಳೆಯತೊಡಗಿದರು: ಪಾಸ್ಟರ ನಿದ್ದೆಗಾಗಿ ರಾತ್ರಿ ಪಾಳಿ. ನಿದ್ದೆ ಬಂತೋ ಇಲ್ಲವೋ ಎಂದು ಪ್ರತಿ ಪಾಳಿಯವರೂ ಪಾಸ್ಟರಿಗೇ ಫೋನ್ ಮಾಡಿ ವಿಚಾರಿಸತಕ್ಕದ್ದು. ಎಲ್ಲರೂ ಆಮೆನ್ ಎಂದರು.

ಪಾಸ್ಟರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ನಗುವೂ ಬಂತು, ಅಳುವೂ ಬಂತು. ಮಂಜಿ ಬಂದು ಪಕ್ಕದಲ್ಲಿ ಕೂತಳು. ಇಷ್ಟು ವರ್ಷ ತನಗಾಗಿ ಬೇಡಿದವಳು. ನಿಮಗೆ ಏನು ಬೇಕು ಎಂದು ತಾನು ಒಂದು ದಿನವೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಮಂಜಕ್ಕ, ನಿಮ್ಗೋಸ್ಕರ ನಾನು ಎಂತ ಬೇಡ್ಕೊಳ್ಲಿ?"

ಮಂಜಿ ಅವನ ಕೈಗೆ ಹಾಕಿದ ಪ್ಲಾಸ್ಟರ್ ನೋಡಿದಳು.

"ನಮ್ಮನೆಯವ್ರು ಹೋದಾಗಿಂದ ನಂಗೂ ನಿದ್ದೆ ಇಲ್ಲ ಪಾಸ್ಟ್ರೇ. ಆರು ವರ್ಷ ಆತು. ಬೇಡ್ಕೊಳ್ಳುದು ಆಮೇಲೆ ಮಾಡ್ವ. ಮತ್ತೆ ಕುಮಟೆಗೆ ಹೋಗುವಾಗ ನನ್ನೂ ಕರ್ಕಂಡು ಹೋಗಿ."