ಏಳನೇ ನಂಬರಿನ ಬೂಟು

"ನಿಮ್ ತಾತ ದಂಡಿನಲ್ಲಿ ಸೋಲ್ಜರ್‌ಗಳ ಬೂಟು ಹೊಲೀತಿದ್ನಂತಲ್ಲೋ. ಮೊಮ್ಮಗನಿಗೆ ಹಾಕ್ಕೊಳ್ಳೋಕೆ ನೋವಾ? ಚರ್ಮ ಬಗ್ಸೋದು ನಿಮ್ಮವ್ರಿಗೆ ಹೊಸದಾ? ಹಾಕೋ ಬೋಳಿಮಗನೆ."

ಸೆಕ್ರೆಟರಿ ಸೇತುರಾಮ್ ಎಸೆದ ಬೂಟು ಮುನಿಶಾಮಿಯ ಎದೆಗೆ ಬಡಿದು ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ. ತಿರುಗಿಸಿ ಅಡಿ ನೋಡಿದ.

"ಸಾರ್, ಇದು ಏಳು. ನಂದು ಎಂಟು ಸಾರ್."

"ಹತ್ತು ದಿನದಲ್ಲಿ ಏಳಾಗುತ್ತೆ ಬಿಡು."

ಸಾಲಿನಲ್ಲಿ ನಿಂತಿದ್ದ ಉಳಿದ ನಾವು ಹನ್ನೆರಡು ಜನ ನಕ್ಕೆವು. ನಗದಿದ್ದರೆ ಅದಕ್ಕೂ ಬೈಗುಳ ಇರುತ್ತಿತ್ತು. ನಾನೂ ನಕ್ಕೆ. ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ, ಯಾಕೆಂದು ಮುಂದೆ ಹೇಳುತ್ತೇನೆ.

ಇದು ತೊಂಬತ್ತೆಂಟರ ಮಾತು. ದೊಡ್ಡನೆಕ್ಕುಂದಿಯ ಎರಕದ ಕಾರ್ಖಾನೆಯೊಂದರ ಫುಟ್‌ಬಾಲ್ ಕ್ಲಬ್ಬಿನ ರಿಸರ್ವ್ ಟೀಮು ನಮ್ಮದು. ಕಂಪನಿಯ ಪತ್ರಿಕೆಯಲ್ಲಿ 'ನಾಳಿನ ನಕ್ಷತ್ರಗಳು' ಎಂದು ನಮ್ಮ ಫೋಟೋ ಹಾಕಿದ್ದರು. ಸೊಂಟದಿಂದ ಮೇಲಕ್ಕೆ ಮಾತ್ರ ತೆಗೆದಿದ್ದರು, ಕೆಳಗೆ ನಮ್ಮ ಬೂಟುಗಳು ಬಾಯಿ ಬಿಟ್ಟುಕೊಂಡಿದ್ದವು. ನಕ್ಷತ್ರಗಳ ಕೆಲಸ ಏನೆಂದರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಫಸ್ಟ್ ಟೀಮಿನವರ ಬೆವರಿನ ಜೆರ್ಸಿ ಒಗೆಯುವುದು, ಮತ್ತು ಅವರ ಹೊಸ ಬೂಟು ಪಳಗಿಸುವುದು.

ಬೂಟು ಪಳಗಿಸುವುದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊಸ ಚರ್ಮ ಕಬ್ಬಿಣದ ಹಾಗಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ, ಒದ್ದೆ ಇರುವಾಗಲೇ ಬರಿಗಾಲಿಗೆ ಹಾಕಿ, ಲೇಸು ಬಿಗಿದು, ಕಾಲ ಮೇಲೆಯೇ ಒಣಗುವತನಕ ಓಡಬೇಕು. ಹತ್ತು ದಿನ ಹಾಗೆ ಓಡಿದರೆ ಚರ್ಮ ಮೆತ್ತಗಾಗುತ್ತದೆ. ಬೂಟಿನ ಚರ್ಮ ಮೆತ್ತಗಾಗುವಷ್ಟರಲ್ಲಿ ನಮ್ಮ ಚರ್ಮ ಕಿತ್ತು ಬಂದಿರುತ್ತದೆ. ಒದ್ದೆ ಲೇಸಿನ ಗಂಟು ಒಣಗಿ ಬಿಗಿಯಾದ ಮೇಲೆ ಬೆರಳಿಗೆ ಜಗ್ಗುವುದಿಲ್ಲ. ಕಾಲನ್ನು ಮಡಚಿ ಬಾಯಿಯ ಹತ್ತಿರ ತಂದು ಹಲ್ಲಿನಲ್ಲಿ ಬಿಚ್ಚಬೇಕು. ಸಂಜೆ ಮೈದಾನದ ಅಂಚಿನಲ್ಲಿ ನಾವು ಹದಿಮೂರು ಜನ ನಮ್ಮ ನಮ್ಮ ಕಾಲು ಕಚ್ಚಿಕೊಂಡು ಕೂತಿರುತ್ತಿದ್ದೆವು.

ಫಸ್ಟ್ ಟೀಮಿನ ಒಬ್ಬೊಬ್ಬನಿಗೆ ಅದೇ ಅಳತೆಯ ರಿಸರ್ವ್ ಹುಡುಗ ಜೋಡಿ. ಲೆಫ್ಟ್ ವಿಂಗ್ ಆಡುವ ಶ್ರೀವತ್ಸನದು ಏಳು. ಅವನು ಸೇತುರಾಮನ ಅಕ್ಕನ ಮಗ. ಅವನ ಜೋಡಿಯಾದವನು ಬೂಟು ಪಳಗಿಸಿದರೆ ಮುಗಿಯುತ್ತಿರಲಿಲ್ಲ, ಆಟ ಮುಗಿದ ಮೇಲೆ ಅವನ ಕಾಲೂ ಒತ್ತಬೇಕಿತ್ತು. ನಮ್ಮ ಗೋಲ್‌ಕೀಪರ್ ಅಫ್ಜಲ್ ಹಿಂದಿನ ದಿನವೇ ಈ ಸುದ್ದಿ ತಂದಿದ್ದ. ನನ್ನ ಕಾಲು ಸರಿಯಾಗಿ ಏಳು.

ಅಳತೆಯ ದಿನ ನಾನು ಎರಡೆರಡು ಜೊತೆ ದಪ್ಪ ಕಾಲುಚೀಲ ಹಾಕಿಕೊಂಡು ಹೋದೆ. ಬೂಟು, ಜೆರ್ಸಿ ನೋಡಿಕೊಳ್ಳುವ ಅಬ್ದುಲ್ ಭಾಯ್ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನಮ್ಮ ಪಾದ ಅಳೆಯುತ್ತಿದ್ದರು. ಶಿವಾಜಿನಗರದವರು. ಒಂದು ಕಾಲದಲ್ಲಿ ಇದೇ ಟೀಮಿಗೆ ಆಡಿ ಮಂಡಿ ಮುರಿದುಕೊಂಡವರು. ನನ್ನ ಕಾಲು ನೋಡಿದರು, ಮುಖ ನೋಡಿದರು. "ಆಠ್" ಎನ್ನುತ್ತಾ ಎಂಟು ಎಂದು ಬರೆದುಕೊಂಡರು. ಹೀಗೆ ರಿಸರ್ವ್ ಟೀಮಿನಲ್ಲಿ ಏಳನೇ ನಂಬರಿನವನೇ ಇಲ್ಲದಂತಾಯಿತು. "ಲೆಫ್ಟ್ ವಿಂಗಿನ ಬೂಟು ಲೆಫ್ಟ್ ವಿಂಗಿನವನೇ ಹಾಕ್ಲಿ" ಎಂದು ಸೇತುರಾಮ್ ಮುನಿಶಾಮಿಯ ಹೆಸರು ಹೇಳಿದ.

ಹೇಳುವುದಕ್ಕೆ ಕಾರಣವಿತ್ತು. ಲೀಗಿನಲ್ಲಿ ಫಸ್ಟ್ ಟೀಮಿಗೆ ಐದು ಮ್ಯಾಚು ಆಡಿದವನಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ ಕೊಡಬೇಕೆಂಬುದು ಕ್ಲಬ್ಬಿನ ನಿಯಮ. ಕೊನೆಯ ಐದು ನಿಮಿಷ ಆಡಿದರೂ ಒಂದು ಮ್ಯಾಚು. ಮುನಿಶಾಮಿ ನಾಲ್ಕು ಆಡಿದ್ದ. ನಾಲ್ಕರಲ್ಲೂ ಕೊನೆಗೆ ಇಳಿದು ಎರಡು ಗೋಲು ಹೊಡೆದಿದ್ದ. ಹತ್ತು ದಿನ ಬಿಟ್ಟು ಭಾನುವಾರ ಲೀಗಿನ ಕೊನೆಯ ಮ್ಯಾಚು. ಗ್ಯಾಲರಿಯಲ್ಲಿ ಶ್ರೀವತ್ಸನನ್ನು ಕೂಗಿ ಕೂರಿಸಿ ಮುನಿಶಾಮಿಯನ್ನು ಕರೆಯುವುದು ಆಗಲೇ ಶುರುವಾಗಿತ್ತು.

ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಇನ್ನೊಂದು ವಿಷಯಕ್ಕೂ ಬಿಟ್ಟಿರಲಿಲ್ಲ. ನಮ್ಮದು ಶಹಾಪುರದ ಕಡೆ, ಅಪ್ಪ ಅವ್ವ ಮಾರತ್ತಹಳ್ಳಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ನನ್ನ ಹೆಸರು ಶಿವಪುತ್ರ. ಹೆಸರು ಕೇಳಿ ಸೇತುರಾಮ್ ನನ್ನನ್ನು ಯಾವುದೋ ಲಿಂಗಾಯತರ ಹುಡುಗ ಎಂದುಕೊಂಡಿದ್ದ. ನಾವು ಯಾವ ಕೇರಿಯವರು ಎಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಆರನೇ ದಿನಕ್ಕೆ ಮುನಿಶಾಮಿಯ ಹಿಮ್ಮಡಿಗಳು ಹಸಿ ಮಾಂಸವಾಗಿದ್ದವು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ನಾವು ನೀರು ಕುಡಿಯುವ ಗಾರ್ಡನ್ ಪೈಪು ಮೈದಾನದ ಆ ತುದಿಗಿತ್ತು. ಅಲ್ಲಿಯವರೆಗೆ ನಡೆಯಲಾಗದೆ ಅವನು ಕ್ಲಬ್ ರೂಮಿನ ಬಾಗಿಲಲ್ಲಿದ್ದ ಡ್ರಮ್ಮಿನಿಂದ ಸ್ಟೀಲ್ ಲೋಟದಲ್ಲಿ ನೀರು ತೆಗೆದು ಕುಡಿದುಬಿಟ್ಟ. ಸೇತುರಾಮ್ ಒಳಗಿನಿಂದ ನೋಡಿದ.

"ಅಬ್ದುಲ್, ಡ್ರಮ್ ಬಗ್ಸು."

"ಸಾಬ್, ಈಗ್ಲೇ ಭರ್ತಿ ಮಾಡಿದ್ದು."

"ಬಗ್ಸು ಅಂದೆ. ಲೋಟ ಆಚೆ ಎಸಿ. ನೊಣ ಬಿದ್ದಿದೆ ಅದ್ರಲ್ಲಿ."

ಇಪ್ಪತ್ತು ಲೀಟರ್ ನೀರು ಮೆಟ್ಟಿಲ ಮೇಲೆ ಹರಿದು ಮುನಿಶಾಮಿಯ ಕಾಲ ಕೆಳಗೆ ನಿಂತಿತು. ಅವನು ಆ ನೀರಿನಲ್ಲೇ ಬೂಟು ಒದ್ದೆ ಮಾಡಿಕೊಂಡು ಓಡಲು ಹೋದ. ನಾನು ಪೈಪಿನ ಹತ್ತಿರ ಹೋಗಿ ನನ್ನ ಪಾಡಿಗೆ ನೀರು ಕುಡಿದು ಬಂದೆ.

ಶುಕ್ರವಾರ ಬೆಳಿಗ್ಗೆ ಹಲಸೂರಿನ ಗೌತಮಪುರದಲ್ಲಿದ್ದ ಅವನ ಮನೆಗೆ ಹೋದೆ. ಅವನಮ್ಮ ವೆಂಕಟಮ್ಮ ಇಂದಿರಾನಗರದ ನೂರಡಿ ರಸ್ತೆ ಗುಡಿಸಿ ಆಗಷ್ಟೇ ಬಂದಿದ್ದಳು. ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅರಿಶಿನ ಎಣ್ಣೆ ಹಚ್ಚುತ್ತಿದ್ದಳು.

"ನಮ್ಮಪ್ಪ ಬೂಟು ಹೊಲ್ದು ಹೊಲ್ದು ಕಣ್ಣು ಕಳ್ಕೊಂಡ್ನಪ್ಪ. ನಾ ರೋಡ್ ಗುಡ್ಸಿ ಸೊಂಟ ಕಳ್ಕೊಂಡೆ. ಇವ್ನಿಗೊಂದು ಕಾಯಂ ಲೆಟ್ರು ಬಂದ್ಬಿಟ್ರೆ ಸಾಕು, ನಾನು ಪೊರಕೆ ಮುಟ್ಟಲ್ಲ." ಎಣ್ಣೆಯ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಅಲ್ಲಾ, ಅಷ್ಟು ಜನ ಇದ್ದೀರಲ್ಲ, ಒಬ್ರದ್ದೂ ಏಳು ಇರ್ಲಿಲ್ವೇನಪ್ಪ?"

"ಇಲ್ಲಮ್ಮ" ಎಂದೆ.

ಮುನಿಶಾಮಿ ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ವೆಂಕಟಮ್ಮ ನನಗೆ ಕಾಫಿ ಕೊಟ್ಟಳು, ಕುಡಿದೆ.

ಶನಿವಾರ ಪ್ರಾಕ್ಟೀಸಿನಲ್ಲಿ ಸೇತುರಾಮ್ ಮುನಿಶಾಮಿಯೊಬ್ಬನನ್ನೇ ಮೈದಾನದ ಸುತ್ತ ಓಡಿಸಿದ. ಒಂದು ಸುತ್ತು ಓಡಿದ. ಎರಡನೆಯದರಲ್ಲಿ ಎಡಗಾಲು ಎಳೆಯತೊಡಗಿತು.

"ಕುಂಟನ್ನ ಕಟ್ಕೊಂಡು ಲೀಗ್ ಆಡ್ಲಾ ನಾನು?" ಎಂದು ಸೇತುರಾಮ್ ಎಲ್ಲರಿಗೂ ಕೇಳುವಂತೆ ಹೇಳಿ ಪಟ್ಟಿ ಓದಿದ. ಆಡುವ ಹನ್ನೊಂದರಲ್ಲಿ ಮುನಿಶಾಮಿ ಇರಲಿಲ್ಲ, ಹೊರಗೆ ಕೂರುವ ಐದರಲ್ಲೂ ಇರಲಿಲ್ಲ. ಕಾಲು ಕೆಡಿಸಿದವನೇ ಕಾಲು ಸರಿಯಿಲ್ಲ ಎಂದು ಹೆಸರು ಹೊಡೆದುಹಾಕಿದ.

"ಸಾರ್, ಐದು ನಿಮಿಷ ಸಾರ್. ಐದು ನಿಮಿಷ ಆಡ್ತೀನಿ, ಆಗುತ್ತೆ ನಂಗೆ."

"ಮೊದ್ಲು ಬೂಟು ಬಿಚ್ಚಿ ಕೊಡು."

ಅವನು ನೆಲದಲ್ಲಿ ಕೂತು ಹಲ್ಲಿನಲ್ಲಿ ಗಂಟು ಬಿಚ್ಚಿ ಕೊಟ್ಟ. ಶ್ರೀವತ್ಸ ಒಳಗೆ ಕಾಲಿಟ್ಟು ಎರಡು ಹೆಜ್ಜೆ ಹಾಕಿ ನೋಡಿ, "ಬೆಣ್ಣೆ ಇದ್ದಂಗಿದೆ ಮಾವ" ಎಂದ. ಆಮೇಲೆ ಮುಖ ಸಿಂಡರಿಸಿ, "ಒಳಗೆಲ್ಲಾ ರಕ್ತದ ವಾಸ್ನೆ, ತೊಳೆಸಿ" ಎಂದು ವಾಪಸು ಕೊಟ್ಟ. ಅದನ್ನೂ ಮುನಿಶಾಮಿಯೇ ತೊಳೆದ.

ಪೈಪಿನ ಹತ್ತಿರ ನಾನು ಹೋಗಿ ನಿಂತೆ. ಅವನು ತಲೆ ಎತ್ತಲಿಲ್ಲ.

"ಅವತ್ತು ಎರಡೆರಡು ಸಾಕ್ಸ್ ಹಾಕ್ಕೊಂಡ್ ಬಂದಿದ್ದೆ ಅಲ್ವಾ?"

"ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ ಚಪ್ಪಲಿ ನಂಗೆ ಯಾವತ್ತೂ ಆಗಿಲ್ಲ ಮಚ್ಚಾ. ಹಾಕ್ಕೊಂಡ್ರೆ ಹಿಮ್ಮಡಿ ಆಚೇನೇ ಇರುತ್ತೆ."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಆ ನನ್ಮಗನ ಕಾಲು ನೀನು ಒತ್ಬೇಕಿತ್ತು. ಇಬ್ರಲ್ಲಿ ಒಬ್ನಾದ್ರೂ ಒತ್ದೇ ಇರ್ಲಿ ಅಂತ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಸರಿ.

ಭಾನುವಾರ ಅಶೋಕನಗರದ ಸ್ಟೇಡಿಯಮ್ಮಿಗೆ ಬೂಟಿನ ಟ್ರಂಕು ಹೊತ್ತುಕೊಂಡು ಹೋದೆವು. ಮ್ಯಾಚಿನ ದಿನ ಇನ್ನೊಂದು ಪದ್ಧತಿ. ಬೂಟು ತಣ್ಣಗಿದ್ದರೆ ಫಸ್ಟ್ ಟೀಮಿನವರ ಕಾಲು ಹಿಡಿದುಕೊಳ್ಳುತ್ತದಂತೆ. ಅದಕ್ಕೆ ನಾವು ಅವನ್ನು ಹಾಕಿಕೊಂಡು ಎರಡು ಸುತ್ತು ಓಡಿ, ಬಿಸಿ ಮಾಡಿ, ಬಾಗಿಲಲ್ಲಿ ಸಾಲಾಗಿ ಬಿಚ್ಚಿಡಬೇಕು. ಕಾಲುಚೀಲದಲ್ಲಿ ಕಾಯುತ್ತಿರುವ ಅವರು ಆಗ ಹಾಕಿಕೊಂಡು ಇಳಿಯುತ್ತಾರೆ.

ಮುನಿಶಾಮಿ ಬಟ್ಟೆ ಸುತ್ತಿದ ಕಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ. ನನ್ನ ಜೋಡಿಯವನು ಅವತ್ತಿನ ಪಟ್ಟಿಯಲ್ಲಿರಲಿಲ್ಲ. ಶ್ರೀವತ್ಸನ ಬೂಟು ಟ್ರಂಕಿನಲ್ಲಿ ಉಳಿದಿತ್ತು.

"ಅಬ್ದುಲ್ ಭಾಯ್, ಅದು ನಂಗೆ ಕೊಡಿ."

"ತೇರಾ ಆಠ್ ನಾ?" ಎಂದರು, ನನ್ನ ಕಣ್ಣನ್ನೇ ನೋಡುತ್ತಾ.

ನಾನು ಬೂಟು ಎತ್ತಿಕೊಂಡೆ. ನಲ್ಲಿಯಲ್ಲಿ ಲೇಸು ಚೆನ್ನಾಗಿ ತೋಯಿಸಿದೆ. ಕಾಲು ಒಳಗೆ ಹೋಯಿತು. ಅಳತೆ ಕೊಟ್ಟು ಹೊಲಿಸಿದಂತೆ ಸರಿಯಾಗಿ ಕೂತಿತು. ನನ್ನ ಶಕ್ತಿಯನ್ನೆಲ್ಲ ಹಾಕಿ ಮೂರು ಗಂಟು ಬಿಗಿದೆ. ಅಫ್ಜಲ್ ನೋಡಿದ. ಏನೂ ಕೇಳದೆ ತನ್ನ ಲೇಸನ್ನೂ ನಲ್ಲಿಯ ಕೆಳಗೆ ಹಿಡಿದ. ಅವನ ಹಿಂದೆ ಉಳಿದವರು.

ಎರಡು ಸುತ್ತು ಓಡಿದೆವು. ಬಾಗಿಲ ಕಡೆ ತಿರುಗುವ ಬದಲು ನಾನು ಮೈದಾನದ ನಡುವಿನ ಸುಣ್ಣದ ವೃತ್ತಕ್ಕೆ ಹೋಗಿ ಕೂತೆ. ಬೇರೆ ಯಾರು ಬರುತ್ತಾರೆ ಬರುವುದಿಲ್ಲ ಎಂದು ನೋಡಲು ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಅಫ್ಜಲ್ ಕೂತ ಶಬ್ದವಾಯಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೊನೆಗೆ ಮುನಿಶಾಮಿ ಗೋಡೆ ಬಿಟ್ಟು, ಕುಂಟುತ್ತಾ, ಅಷ್ಟು ದೂರ ನಡೆದು ಬಂದು ನಮ್ಮ ನಡುವೆ ಕೂತ. ಮರುದಿನ ಗೇಟಿನ ಒಳಗೆ ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಗ್ಯಾಲರಿಯಲ್ಲಿ ಮೊದಲು ನಕ್ಕರು. ಆಮೇಲೆ ಸದ್ದು ನಿಂತಿತು. ರೆಫರಿ ವಾಚು ನೋಡಿಕೊಂಡ. ಎದುರು ಟೀಮು ಇಳಿದಾಗಿತ್ತು. ಬಾಗಿಲಲ್ಲಿ ನಮ್ಮ ಫಸ್ಟ್ ಟೀಮು ಬಿಳಿ ಕಾಲುಚೀಲದಲ್ಲಿ ನಿಂತಿತ್ತು. ಅವರ ಹಳೆ ಬೂಟುಗಳು ದೊಡ್ಡನೆಕ್ಕುಂದಿಯಲ್ಲಿದ್ದವು. ಕಂಪನಿಯ ದೊಡ್ಡ ಸಾಹೇಬರು ಪೆವಿಲಿಯನ್ನಿನಲ್ಲಿ ಕುರ್ಚಿಯಿಂದ ಎದ್ದು ನಿಂತಿದ್ದರು. ಸೇತುರಾಮ್ ಓಡಿ ಬಂದ. ಅವನು ಓಡಿದ್ದನ್ನು ನಾವು ಅವತ್ತೇ ನೋಡಿದ್ದು.

"ಬಿಚ್ರೋ ಸೂಳೆಮಕ್ಳಾ. ಪೊಲೀಸ್ ಕರೆಸ್ತೀನಿ. ಕಳ್ಳತನದ ಕೇಸ್ ಹಾಕಿಸ್ತೀನಿ."

"ಮುನಿಶಾಮಿ ಹೆಸ್ರು ಬರೆದು ಬನ್ನಿ ಸಾರ್, ಬಿಚ್ತೀವಿ. ಐದು ನಿಮಿಷಕ್ಕೆ ಅಷ್ಟೇ" ಎಂದೆ.

"ಅವನ ಹೆಸ್ರಾ? ನನ್ನ ಕೈಯಲ್ಲಿ?" ಅವನು ರೆಫರಿಯ ಕಡೆ ನೋಡಿದ, ಪೆವಿಲಿಯನ್ನಿನ ಕಡೆ ನೋಡಿದ. ದನಿ ಇಳಿಯಿತು. "ಅಬ್ದುಲ್, ಬ್ಲೇಡ್ ತಗೊಂಬಾ."

ಬಾಗಿಲಿನಿಂದ ಕುಂಟುತ್ತಾ ಬಂದಿದ್ದ ಅಬ್ದುಲ್ ಭಾಯ್ ಕೈ ಕಟ್ಟಿಕೊಂಡು ನಿಂತರು. "ಕೊಯ್ದ್ರೆ ಕಟ್ಟೋಕೆ ಬೇರೆ ಲೇಸಿಲ್ಲ ಸಾಬ್."

ರೆಫರಿ ದೂರದಿಂದ ಐದು ಬೆರಳು ತೋರಿಸಿದ. ಐದು ನಿಮಿಷದಲ್ಲಿ ಇಳಿಯದಿದ್ದರೆ ಆಟ ಎದುರಿನವರ ಪಾಲು.

ಸೇತುರಾಮ್ ಹೆಸರು ಬರೆಯಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹುಲ್ಲಿನ ಮೇಲೆ ಮಂಡಿಯೂರಿದ. ಎಲ್ಲರನ್ನೂ ಬಿಟ್ಟು ನನ್ನ ಮುಂದೆಯೇ ಊರಿದ. "ನೀನು ಒಳ್ಳೇ ಮನೆತನದ ಹುಡ್ಗ ಶಿವಪುತ್ರ. ಇವ್ರ ಜೊತೆ ಯಾಕೆ ಹಾಳಾಗ್ತೀಯ. ನೀನು ಬಿಚ್ಚಿದ್ರೆ ಎಲ್ರೂ ಬಿಚ್ತಾರೆ" ಎನ್ನುತ್ತಾ ನನ್ನ ಬೂಟಿನ ಲೇಸಿಗೆ ಕೈ ಹಾಕಿದ.

ನನ್ನ ಬಾಯಿಗೆ ನಮ್ಮವ್ವನ ಮಾತೇ ಬಂತು. "ನಾನೂ ಕೇರಿಯವನೇ ಅದೀನ್ರಿ. ಕಾಲೂ ಏಳನೇ ನಂಬರೇ ಅದ."

ಮುನಿಶಾಮಿ ನನ್ನ ಹೆಗಲ ಮೇಲೆ ಕೈ ಇಟ್ಟ.

ಸೇತುರಾಮನ ಕೈ ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹೋಯಿತು. ಪೆವಿಲಿಯನ್ನಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಕೈ ಮತ್ತೆ ಲೇಸಿಗೆ ಬಂತು. ಉಗುರು ಹಾಕಿ ಎಳೆದ, ಜಗ್ಗಿದ. ಬಿಸಿಲಿಗೆ ಒಣಗಿದ ಗಂಟು ಅಲ್ಲಾಡಲಿಲ್ಲ. ಅವನ ಉಗುರಿನ ಬುಡದಲ್ಲಿ ರಕ್ತ ಬಂತು.

"ಬರ್ತಿಲ್ವಲ್ಲೋ" ಎಂದ, ಯಾರಿಗೆ ಅಂತಲೂ ಗೊತ್ತಿಲ್ಲದೆ.

"ಬೆರಳಿಗೆ ಬರಲ್ಲ ಸಾಬ್" ಎಂದರು ಅಬ್ದುಲ್ ಭಾಯ್. "ಹಲ್ಲಲ್ಲಿ ಬಿಚ್ಬೇಕು. ಬಚ್ಚೇ ದಿನಾ ಹಂಗೇ ಬಿಚ್ತಾರೆ."

ರೆಫರಿ ಎರಡು ಬೆರಳು ತೋರಿಸಿದ. ಸೇತುರಾಮ್ ನನ್ನ ಕಾಲನ್ನೇ ನೋಡುತ್ತಾ ಮಂಡಿಯ ಮೇಲಿದ್ದ. ಅವನ ಬೆವರು ಬೂಟಿನ ಮೂತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಕಾಲನ್ನು ಇನ್ನೊಂದಿಷ್ಟು ಮುಂದಕ್ಕೆ ಚಾಚಿದೆ.